ಒಂಬತ್ತನೇ ಕಂತು

ಕಳೆದ ವಾರ ದಾವಣಗೆರೆಯಿಂದ ಅತ್ತಿಗೆ ಒಂದು ಡಬ್ಬಿ ಬೇಸನ್ ಉಂಡೆ ಕಳಿಸಿದ್ದಾರೆ. ಮುಚ್ಚಳ ತೆಗೆದರೆ ಹರಿಹರದ ನಮ್ಮ ಮನೆಯೆಲ್ಲ ತುಪ್ಪದ ಘಮ. ಸಕ್ಕರೆ ಕಾಯಿಲೆಯವಳಾದ ನಾನು ದಿನಕ್ಕೆ ಅರ್ಧ ಉಂಡೆ ಎಂದು ಶಪಥ ಮಾಡಿದ್ದೆ. ಶಪಥ ಮೊದಲ ದಿನ ಮಧ್ಯಾಹ್ನದವರೆಗೂ ನಡೆಯಿತು. ಈಗ ಎರಡೇ ಉಳಿದಿವೆ. ತುಪ್ಪ ಹೀರಿದ ಕಾಗದದ ವಾಸನೆ ಬಂದರೆ ನನಗೆ ಬಾಹ್ಯಾಕಾಶ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯ ನನ್ನ ತವರುಮನೆಗೆ ಒಂದು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಬ್ಬರೇ ಲೇಖಕರು ಒಂದೇ ಆಕಾಶನೌಕೆಯ ಕಥೆಯನ್ನು ಒಂದರ ಹಿಂದೊಂದು ಮೂರು ಧಾರಾವಾಹಿಯಾಗಿ ಬರೆದರು. ಗುರುವಾರ ಸಂಜೆ ಅಣ್ಣ ಮಂಡಿಪೇಟೆಯ ಅಂಗಡಿಯಿಂದ ಬಂದವನೇ ಕಂತನ್ನು ಗಟ್ಟಿಯಾಗಿ ಓದಬೇಕು, ನಾನು ತಪ್ಪು ಹಿಡಿಯಬೇಕು. ತಪ್ಪುಗಳಿಗೇನೂ ಬರವಿರಲಿಲ್ಲ. ಮೊದಲ ಧಾರಾವಾಹಿಯಲ್ಲಿ ಶನಿಗ್ರಹಕ್ಕೆ ಹೋಗಲು ಆರು ವರ್ಷ ಹಿಡಿದಿತ್ತು, ಎರಡನೆಯದರಲ್ಲಿ ಮೂರೇ ತಿಂಗಳು. ಎರಡನೆಯ ಪ್ರಯಾಣಕ್ಕೆ ಹೊರಟವರು ಏಳು ಜನ, ಭೂಮಿಗೆ ಇಳಿದವರು ಎಂಟು. ನಾನು ಸಂಪಾದಕರಿಗೆ ಮೂರು ಸಲ ಕಾರ್ಡು ಬರೆದೆ. ಅವರು ಒಂದಕ್ಕೂ ಉತ್ತರಿಸಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಉತ್ತರಿಸುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಒಗಟು ಮೆಕ್ಯಾನಿಕ್ ಪರಶುರಾಮನದು. ಮೊದಲ ಧಾರಾವಾಹಿಯಲ್ಲಿ ಅವನು ಶನಿಯ ಒಂದು ಚಂದ್ರನ ಮೇಲೆ ಹಿಮದಲ್ಲಿ ಹೂತು ಸತ್ತಿದ್ದ. ಅವತ್ತು ನಾನು ಊಟ ಬಿಟ್ಟು ಅಮ್ಮನ ಕೈಲಿ ಬೈಸಿಕೊಂಡಿದ್ದೆ. ಅಂಥವನು ಮೂರನೆಯ ಧಾರಾವಾಹಿಯ ಹತ್ತನೇ ಕಂತಿನಲ್ಲಿ ನೌಕೆಯೊಳಗೆ ಆರಾಮಾಗಿ ಕಾಫಿ ಸೋಸುತ್ತಿದ್ದಾನೆ! ಎಂಟನೆಯದರಲ್ಲಿ ಅವನ ಸುಳಿವಿಲ್ಲ. ಹಾಗಾದರೆ ಅವನು ಬದುಕಿ ಬಂದದ್ದು ಒಂಬತ್ತನೆಯದರಲ್ಲೇ ಇರಬೇಕು. ಆ ಒಂಬತ್ತನೆಯ ಕಂತು ನಮ್ಮ ಮನೆಯಲ್ಲಿ ಇರಲಿಲ್ಲ.

ಅದು ಬಂದದ್ದು ಅಣ್ಣನ ಮದುವೆಯ ವಾರ. ಗುರುವಾರ ಕಾದೆ. ಅಣ್ಣನಿಗೆ ಪತ್ರಿಕೆಯ ನೆನಪೇ ಇಲ್ಲ, ಹೊಸ ಹೆಂಡತಿಯ ಮುಂದೆ ತಲೆ ಬಾಚಿಕೊಳ್ಳುವುದೇ ಕೆಲಸ. ನನಗೆ ಹೊಟ್ಟೆ ಉರಿಯಿತು. ಮರುದಿನ ಹೊಸ ಸೊಸೆ ನಾಲ್ಕು ದಿನಕ್ಕೆಂದು ಹರಿಹರದ ತವರಿಗೆ ಹೊರಟಳು, ಜೊತೆಗೆ ನಮ್ಮ ಮನೆಯಿಂದ ಬುಟ್ಟಿ ತುಂಬ ಉಂಡೆ. ಬುಟ್ಟಿಯ ತಳಕ್ಕೆ ಹಾಸಲು ಕಾಗದ ಕೊಡೇ ಎಂದು ಚಿಕ್ಕಮ್ಮ ಕೂಗಿದಾಗ, ನಾನು ಆ ಕಂತನ್ನು ಓದದೆಯೇ ಹರಿದು ಕೊಟ್ಟೆ. ಅಣ್ಣ ಓದದ ಕಂತು ನನಗೂ ಬೇಡ ಎಂಬ ಹಟ. ಹದಿನೇಳರ ವಯಸ್ಸು, ಇನ್ನೇನು ಹೇಳಲಿ.

ನಾಲ್ಕು ದಿನ ಕಳೆದು ಅತ್ತಿಗೆ ಟ್ರಂಕಿನೊಂದಿಗೆ ಬಂದರು. ನಾನು ಅವರ ಜೊತೆ ಮಾತಾಡುತ್ತಿರಲಿಲ್ಲ. ಒಂದು ದಿನ ಟ್ರಂಕ್ ತೆರೆದದ್ದು ಕಂಡೆ. ಸೀರೆಗಳ ಕೆಳಗೆ ಅದೇ ಧಾರಾವಾಹಿಯ ಹಾಳೆಗಳು, ದಾರದಲ್ಲಿ ನೀಟಾಗಿ ಹೊಲಿದವು. ತಡೆಯಲಾಗದೆ ಒಂಬತ್ತನೆಯದು ಇದೆಯಾ ಎಂದು ಕೇಳಿದೆ. ಇಲ್ಲ ಎಂದರು, ನಿಮ್ಮಲ್ಲಿದೆಯಾ ಎಂದು ತಿರುಗಿ ಕೇಳಿದರು. ಆ ವಾರ ಪತ್ರಿಕೆ ಬರಲೇ ಇಲ್ಲ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಮದುವಿ ಗದ್ಲದಾಗೆ ಹಂಗೇ ಆಗತೈತೆ ಬಿಡವ್ವ" ಎಂದರು.

ಅಲ್ಲಿಂದ ಶುರುವಾಯಿತು ನಮ್ಮ ಮಾತು. ಅಕ್ಕಿ ಆರಿಸುತ್ತ ವಾದ, ಹಪ್ಪಳ ಒಣಗಿಸುತ್ತ ವಾದ. ನಾನು ಲೇಖಕರ ತಪ್ಪು ಎತ್ತಿ ತೋರಿಸುವವಳು, ಅವರು ನೌಕೆಯವರ ಪರ ವಕೀಲರು. ಆರು ವರ್ಷದ ಪ್ರಯಾಣ ಮೂರೇ ತಿಂಗಳಿಗೆ ಇಳಿದದ್ದು ಹೇಗೆ ಎಂದು ಕೇಳಿದರೆ, ಮೊದಲಿನದು ಪ್ಯಾಸೆಂಜರ್, ಎರಡನೆಯದು ಎಕ್ಸ್‌ಪ್ರೆಸ್ ಎಂದರು.

ಒಂಬತ್ತನೆಯದನ್ನು ಹುಡುಕಿಕೊಂಡು ಇಬ್ಬರೂ ಮಂಡಿಪೇಟೆಯ ರದ್ದಿ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಕೂರಲು ಗೋಣಿಚೀಲ ಹಾಕಿಕೊಟ್ಟು, "ಹುಡುಕ್ರಿ ಅಮ್ಮಾ, ಆದ್ರೆ ನಾವು ತೂಕಕ್ಕೆ ತಗೊಂಡಿದ್ದು, ತಾರೀಖಿಗಲ್ಲ" ಎಂದರು. ನಾಲ್ಕು ಶನಿವಾರ ಹೋದೆವು. ಪಾಪಪ್ರಜ್ಞೆಯಿಂದ ನಾನು ಕಟ್ಟಿನ ತಳದವರೆಗೂ ಕೈ ಹಾಕುತ್ತಿದ್ದೆ. ಅತ್ತಿಗೆ ಮೇಲೆ ಮೇಲೆ ಮಗುಚಿ, ಹೊಲಿಗೆ ವಿನ್ಯಾಸದ ಪುಟ ಸಿಕ್ಕರೆ ಓದುತ್ತ ಕೂರುತ್ತಿದ್ದರು. ಬರುವಾಗ ಬೆಣ್ಣೆ ದೋಸೆ ತಿಂದು ಬರುತ್ತಿದ್ದೆವು.

ಕಡೆಗೆ ಅವರೇ ಹೇಳಿದರು, ಸಿಗದಿದ್ದರೆ ನಾವೇ ಬರೆಯೋಣ. ಬರೆದೆವು, ನೋಟುಬುಕ್ಕಿನ ಹನ್ನೊಂದು ಪುಟ. ಪರಶುರಾಮ ಸತ್ತಿರಲಿಲ್ಲ, ಹಿಮದಲ್ಲಿ ನಿದ್ದೆ ಹೋಗಿದ್ದ. ಎರಡನೆಯ ಪ್ರಯಾಣದವರು ಯಾರಿಗೂ ಹೇಳದೆ ಆ ಚಂದ್ರನ ಮೇಲಿಳಿದು ಅವನನ್ನು ಎತ್ತಿಕೊಂಡು ಬಂದರು. ಏಳು ಎಂಟಾದದ್ದು ಹಾಗೆ! ಒಂದೇ ಏಟಿಗೆ ಎರಡು ಒಗಟು ಬಿಡಿಸಿದ ಆ ಸಂಜೆಯಷ್ಟು ಖುಷಿ ನನಗೆ ಪಿಯುಸಿ ಪಾಸಾದಾಗಲೂ ಆಗಿಲ್ಲ. ಅತ್ತಿಗೆಯ ಆ ಹೊಲಿದ ಹಾಳೆಗಳಲ್ಲಿ ಎಂಟಕ್ಕೂ ಹತ್ತಕ್ಕೂ ನಡುವೆ ಅದನ್ನಿಟ್ಟು ಹೊಲಿದೆವು. ಮುಂದೆ ನಾನು ಮದುವೆಯಾಗಿ ಅತ್ತಿಗೆಯ ಊರಾದ ಹರಿಹರಕ್ಕೇ ಬಂದಾಗ, ಆ ಪುಸ್ತಕವನ್ನು ನನಗೇ ಕೊಟ್ಟರು. ಸುಳ್ಳನ್ನು ಮಾತ್ರ ನಾನು ಒಪ್ಪಿಕೊಳ್ಳಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಆ ಎರಡು ಉಂಡೆಯೂ ಮುಗಿದವು. ಡಬ್ಬಿಯ ತಳದಲ್ಲಿ ಹಾಸಿದ್ದ ಕಾಗದ ತೆಗೆದರೆ, ಹಳದಿಗಟ್ಟಿದ, ಹಳೆಯ ಎಣ್ಣೆಕಲೆಯ ಅಚ್ಚಿನ ಹಾಳೆ. ಒಂಬತ್ತನೇ ಕಂತು. ಕನ್ನಡಕ ಹುಡುಕಿ ಓದಿದೆ. ಪರಶುರಾಮನ ಬಗ್ಗೆ ಒಂದೇ ಸಾಲು: ಎಂದಿನಂತೆ ಅವನು ಬಾಗಿಲು ತೆರೆದನಂತೆ. ಎಂದಿನಂತೆ!

ಫೋನ್ ಮಾಡಿ, ಇಷ್ಟು ವರ್ಷದ ಸುಳ್ಳನ್ನು ಒಪ್ಪಿಕೊಂಡೆ. ಅತ್ತಿಗೆ ನಕ್ಕರು. ಹಾಳೆ ಅವರಿಗೆ ಸಿಕ್ಕದ್ದು ಆಗಲೇ, ತವರಿನಲ್ಲಿ ಬುಟ್ಟಿ ಖಾಲಿ ಮಾಡಿದ ದಿನ. ಮೊನ್ನೆ ಟ್ರಂಕ್ ಒರೆಸುವಾಗ ಮತ್ತೆ ಕೈಗೆ ಬಂತಂತೆ.

"ಮತ್ತೆ ಯಾಕ ಹೇಳ್ಲಿಲ್ರಿ ಅತ್ತಿಗೆ?"

"ಅದರಾಗೆ ಏನೈತವ್ವ ಹೇಳಾಕೆ? ಆ ಮನ್ಯಾಗೆ ನೀ ನನ್ನ ಕೂಡ ಮಾತಾಡಾಕೆ ಇದ್ದದ್ದು ಅದೊಂದೇ ನೆಪ. ಅದನ್ನ ನಾನ್ಯಾಕ ಮುಗಿಸ್ಲಿ?"

ನನಗೆ ಅಳು ಬಂತು, ನಗುವೂ ಬಂತು. ಉಂಡೆ ಹೆಂಗಿದ್ವು ಎಂದು ಅವರು ಕೇಳುತ್ತಲೇ ಇದ್ದರು.

ಹಾಳೆಯನ್ನು ಪುಸ್ತಕಕ್ಕೆ ಸೇರಿಸಲಿಲ್ಲ, ಅಲ್ಲಿ ನಮ್ಮ ಒಂಬತ್ತನೆಯದು ಇದೆ. ಡಬ್ಬಿಯನ್ನು ಖಾಲಿ ವಾಪಸ್ ಕೊಡುವ ರೂಢಿ ನಮ್ಮಲ್ಲಿಲ್ಲ. ಹಾಳೆಯನ್ನು ಮತ್ತೆ ತಳಕ್ಕೆ ಹಾಸಿ, ಮೇಲೆ ಚಕ್ಕುಲಿ ತುಂಬಿಟ್ಟಿದ್ದೇನೆ. ನಾಳೆ ದಾವಣಗೆರೆ ಬಸ್ಸಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ.