ಕೊನೆಯಲ್ಲಿ ನಡೆಯುವವರು

ಅವಳನ್ನು ಹುಷಾರಕ್ಕ ಎಂದು ಮೊದಲು ಕರೆದವರು ಯಾರೋ ಗೊತ್ತಿಲ್ಲ. ಆದರೆ ಆ ಹೆಸರು ಅಂಟಿಕೊಂಡ ಮೇಲೆ ಅವಳ ಸ್ವಂತ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಬೇರೆ ಯಾರಿಗೂ ಬೇಕಾಗಲಿಲ್ಲ. ವಾರದ ದಿನಗಳಲ್ಲಿ ಅವಳು ಬಟ್ಟೆ ರಿಪೇರಿ ಅಂಗಡಿಯ ಕಿಟಕಿ ಪಕ್ಕ ಹೊಲಿಗೆ ಮಷೀನಿನ ಮುಂದೆ ಕೂರುತ್ತಿದ್ದಳು. ಕೆಟ್ಟ ಜಿಪ್ಪು ಬದಲಿಸುವುದು, ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ತೆಳ್ಳಗಾಗುತ್ತೇವೆಂಬ ಭರವಸೆಯಲ್ಲಿ ಜನ ಕೊಂಡ ಕೋಟುಗಳ ಹೊಲಿಗೆ ಬಿಚ್ಚಿ ಅಗಲ ಮಾಡುವುದು ಅವಳ ಕೆಲಸ. ಗಿರಾಕಿ ಪರದೆಯ ಹಿಂದೆ ಹೋಗುವಾಗ "ಹುಷಾರು, ಗುಂಡುಸೂಜಿ ಚುಚ್ಚೀತು" ಅನ್ನುವಳು. ಹೊರಗೆ ಬರುವಾಗ "ಹುಷಾರು, ಮೆಟ್ಟಿಲಿದೆ" ಅನ್ನುವಳು. ಹಗ್ಗ ಕಂಡರೆ ಹಾವು ಅನ್ನುವವರು ಇರುತ್ತಾರೆ; ಇವಳು ಹಗ್ಗ ಇಲ್ಲದ ಕಡೆಯೂ ಹಾವು ಕಾಣುವವಳು ಎಂದು ನಾದಿನಿ ನಗುತ್ತಿದ್ದಳು.

ಅವಳ ಗಂಡ ಬಸ್ ಡ್ರೈವರ್. ಹೆಂಡತಿ ಎಷ್ಟು ಮಾತೋ ಅವನು ಅಷ್ಟೇ ಮೌನ. ಎರಡು ವರ್ಷಗಳ ಹಿಂದೆ ಬಸ್ ಓಡಿಸುತ್ತಿದ್ದಾಗಲೇ ಅವನಿಗೆ ಎದೆನೋವು ಬಂದಿತ್ತು. ಯಾರಿಗೂ ಹೇಳದೆ, ಜನರನ್ನೆಲ್ಲ ಅವರವರ ಸ್ಟಾಪಿನಲ್ಲಿ ಇಳಿಸಿ, ಡಿಪೋಗೆ ಬಂದು, ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು. ಹೇಗೋ ಬದುಕಿಕೊಂಡ. ದಿನಾ ನಡೆಯಬೇಕು, ಆದರೆ ಕಡಿದಾದ ಏರುದಾರಿ ಬೇಡ, ಹೊಗೆ ಧೂಳಿನ ಬೀದಿಯೂ ಬೇಡ ಎಂದರು ಡಾಕ್ಟರು.

ಒಬ್ಬನನ್ನೇ ನಡೆಯಲು ಬಿಡುವುದುಂಟೆ? ಅವಳೂ ಜೊತೆಗೆ ಹೊರಟಳು. ಊರಿನ ಕೊನೆಯ ಬಸ್ ಸ್ಟಾಪಿನಿಂದಾಚೆ ತಗ್ಗಾದ ಹುಲ್ಲಿನ ದಿಬ್ಬಗಳಿದ್ದವು. ದಿಬ್ಬ ಇಳಿದರೆ ನದಿಯ ಕಣಿವೆ, ಮರದ ಕಾಲುಸೇತುವೆ, ಅದರಾಚೆ ಕಾಡು, ಕಾಡು ದಾಟಿದರೆ ಮತ್ತೆ ಬಸ್ಸು ಸಿಗುವ ರಸ್ತೆ. ಒಂದು ಭಾನುವಾರ ಪಕ್ಕದ ಮನೆಯವರು ನಾವೂ ಬರುತ್ತೇವೆ ಅಂದರು. ಆಮೇಲೆ ಬೀದಿ ಮೂಲೆಯ ಔಷಧಿ ಅಂಗಡಿಯವನು ತನ್ನ ಪುಟ್ಟ ಮಗಳೊಂದಿಗೆ ಬಂದ. ನಾದಿನಿ ತನ್ನ ಶಾಲೆಯ ಟೀಚರುಗಳನ್ನು ಕರೆತಂದಳು. ನೋಡನೋಡುತ್ತಿದ್ದಂತೆ ಒಂದು ಪುಟ್ಟ ಮೆರವಣಿಗೆಯೇ ಆಯಿತು. ಜಗತ್ತಿನ ಮಹಾ ಪುಕ್ಕಲಿ ಅದರ ಮುಂದಾಳು!

ತಮಾಷೆಯೆಂದರೆ, ಅವಳು ಪುಕ್ಕಲಿಯಾದ್ದರಿಂದಲೇ ಜನ ಬರುತ್ತಿದ್ದರು. ದಾರಿಯಲ್ಲಿ ಎಲ್ಲಿ ಕೆಸರು, ಯಾವ ಬೇಲಿಯ ತಂತಿ ಗೀರುತ್ತದೆ, ಯಾವ ತೋಟದ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಲ್ಲವನ್ನೂ ಹಿಂದಿನ ವಾರವೇ ಹೋಗಿ ನೋಡಿ ಬಂದಿರುತ್ತಿದ್ದಳು. ಹೆದರುವ ಕೆಲಸವನ್ನೆಲ್ಲ ಅವಳೊಬ್ಬಳೇ ಮುಗಿಸಿರುತ್ತಿದ್ದರಿಂದ ಕೈಗೂಸಿನ ತಾಯಂದಿರೂ ನಿಶ್ಚಿಂತೆಯಿಂದ ನಡೆಯುತ್ತಿದ್ದರು. ಮುಂದೆ ಅವಳು, ಎಲ್ಲರಿಗಿಂತ ಹಿಂದೆ ಅವಳ ಗಂಡ. ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ಡ್ರೈವರಣ್ಣ ಹಿಂದಿದ್ದಾನೆ ಅಂದರೆ ಸಾಕಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆ ಭಾನುವಾರ ಬೆಳಗಿನಿಂದಲೇ ಅವಳು ಹತ್ತು ಸಲ ಆಕಾಶ ನೋಡಿದ್ದಳು. ಹಿಂದಿನ ದಿನ ಮಳೆಯಾಗಿತ್ತು. ಸೇತುವೆ ಒದ್ದೆಯಾಗಿರುತ್ತದೆ, ಇವತ್ತು ಬೇಡ ಅನ್ನೋಣವೆಂದರೆ ಬಸ್ ಸ್ಟಾಪಿನಲ್ಲಿ ಆಗಲೇ ಮಕ್ಕಳು ಟೋಪಿ ಹಾಕಿಕೊಂಡು ಕುಣಿಯುತ್ತಿದ್ದವು.

"ಅತ್ತಿಗೆ, ಈ ಗುಡ್ಡಕ್ಕೂ ಒಂದು ಸೇಫ್ಟಿ ಪಿನ್ ಹಾಕಿಬಿಡಿ, ಜಾರಿಗೀರಿ ಬಿದ್ದೀತು," ಎಂದಳು ನಾದಿನಿ. ಎಲ್ಲರೂ ನಕ್ಕರು. ಅವಳ ಗಂಡನೂ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ. ಅದನ್ನು ಅವಳು ನೋಡಿದಳು. ನೋಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುವಷ್ಟರಲ್ಲಿ ಯಾವುದೋ ಮಗು ಬೇಲಿ ಹತ್ತಿತು, ಆ ಕಡೆ ಓಡಿದಳು.

ದಿಬ್ಬದ ಮೇಲೆ ಗಾಳಿ ಹಿತವಾಗಿತ್ತು. ಕಣಿವೆಯಲ್ಲಿ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆಯ ಬಳಿ ಅವಳು ಉಸಿರು ಬಿಗಿಹಿಡಿದು ನಿಂತು ಒಬ್ಬೊಬ್ಬರನ್ನೇ ದಾಟಿಸಿದಳು. ಎಲ್ಲರಿಗಿಂತ ಕೊನೆಗೆ ಗಂಡ ಕಂಬಿ ಹಿಡಿದು ನಿಧಾನವಾಗಿ ದಾಟಿದ. "ಯಾಕ್ರೀ ಇಷ್ಟು ನಿಧಾನ?" ಅಂದದ್ದಕ್ಕೆ "ನೀನೇ ಅಲ್ವಾ ಹುಷಾರು ಅನ್ನೋಳು" ಅಂದ. ಇನ್ನು ಭಯವಿಲ್ಲ, ಕಾಡಿನ ದಾರಿ ಮಟ್ಟಸ ಎಂದುಕೊಂಡು ಅವಳು ಮುಂದಕ್ಕೆ ಹೋದಳು.

ಕಾಡು ದಾಟಿ ಆಚೆಯಂಚಿನ ಹುಲ್ಲುಗಾವಲಿಗೆ ಬಂದು ನಿಂತಾಗ ಮೋಡ ಕವಿದಿತ್ತು. ಒಬ್ಬೊಬ್ಬರಾಗಿ ಮರಗಳ ನಡುವಿನಿಂದ ಹೊರಗೆ ಬಂದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಔಷಧಿ ಅಂಗಡಿಯವನು ಬಂದ. ಅವನ ಹಿಂದೆ ಯಾರೂ ಬರಲಿಲ್ಲ.

"ಇವರೆಲ್ಲಿ?"

"ಬರ್ತಿದಾರಕ್ಕ. ಶೂ ಲೇಸ್ ಬಿಚ್ಚಿದೆ, ಕಟ್ಕೊಂಡು ಬರ್ತೀನಿ, ನೀವು ನಡೀರಿ ಅಂದ್ರು."

ಆಸ್ಪತ್ರೆಯಿಂದ ಬಂದ ಮೇಲೆ ಗಂಡ ಬಗ್ಗಬಾರದೆಂದು ಅವಳೇ ಅಂಗಡಿ ಅಂಗಡಿ ಅಲೆದು ಲೇಸಿಲ್ಲದ ಶೂ ತಂದಿದ್ದಳು. ಅವನ ಹತ್ತಿರ ಬೇರೆ ಶೂ ಇರಲೇ ಇಲ್ಲ.

ಕೂಗಿದಳು. ಕಾಡು ಉತ್ತರ ಕೊಡಲಿಲ್ಲ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಟಪ್ ಟಪ್ ಎಂದು ಹನಿ ಬೀಳತೊಡಗಿತು. ಒಬ್ಬರು ನಾನು ಹೋಗಿ ನೋಡ್ತೀನಿ ಅಂದರು, ಇನ್ನೊಬ್ಬರು ಎಲ್ಲರೂ ಹೋಗೋಣ ಅಂದರು, ಮಕ್ಕಳು ದೊಡ್ಡವರ ಮುಖ ನೋಡಿ ಅಳುವ ಹಾಗಾದವು. ಇಂಥ ಗಳಿಗೆಯನ್ನು ಅವಳು ರಾತ್ರಿಗಟ್ಟಲೆ ಕಲ್ಪಿಸಿಕೊಂಡಿದ್ದವಳೇ. ಕಲ್ಪನೆಯಲ್ಲಿ ಪ್ರತಿ ಸಲವೂ ತಾನು ಚೀರಿ ನೆಲಕ್ಕೆ ಕುಸಿಯುತ್ತಿದ್ದಳು. ಈಗ ಅವಳು ನಿಂತೇ ಇದ್ದಳು.

"ನೀನು ಎಲ್ಲರನ್ನೂ ರಸ್ತೆಗೆ ಕರ್ಕೊಂಡು ಹೋಗು," ಎಂದಳು ನಾದಿನಿಗೆ. "ಸಿಗ್ನಲ್ ಸಿಕ್ಕ ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡು. ಅವರನ್ನ ಇಲ್ಲೀವರೆಗೂ ನೀನೇ ಕರ್ಕೊಂಡು ಬಾ."

ನಾದಿನಿಯ ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ಅಣ್ಣಂಗೆ ಏನೂ ಆಗಿರಲ್ಲ ಅಲ್ವಾ?"

"ಏನೂ ಆಗಿರಲ್ಲ. ನಡಿ," ಎಂದಳು. ಅವಳು ಅಷ್ಟು ದೊಡ್ಡ ಸುಳ್ಳನ್ನು ಹಿಂದೆಂದೂ ಹೇಳಿರಲಿಲ್ಲ.

ಔಷಧಿ ಅಂಗಡಿಯವನು ಮಗಳನ್ನು ನಾದಿನಿಯ ಕೈಗೆ ಕೊಟ್ಟು ಜೊತೆಗೆ ಬಂದ. ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು. ಕೆಸರಿನಲ್ಲಿ ಎಲ್ಲರ ಹೆಜ್ಜೆಗಳೂ ಕಲಸಿಹೋಗಿದ್ದವು. ಗಂಡ ಕೊನೆಗೆ ಮಾತಾಡಿದ ಜಾಗ ತಲುಪಿದರು. ಅಲ್ಲಿ ಯಾರೂ ಇರಲಿಲ್ಲ. ನದಿಯ ಕಡೆಗೇನಾದರೂ ಹೋಗಿದ್ದರೆ? ಆ ಕೆಂಪು ನೀರು ಕಣ್ಣ ಮುಂದೆ ಬಂತು. ಔಷಧಿ ಅಂಗಡಿಯವನು ಸೇತುವೆಯ ಕಡೆ ಓಡಲು ಹೊರಟ.

"ತಡೀಪ್ಪ," ಎಂದಳು. ಬಸ್ ಕೆಟ್ಟರೆ ಈ ಮನುಷ್ಯ ಏನು ಮಾಡುತ್ತಾನೆ? ನಡುರಸ್ತೆಯಲ್ಲಿ ನಿಲ್ಲಿಸುವುದಿಲ್ಲ. ಯಾರಿಗೂ ಅಡ್ಡವಾಗದ ಹಾಗೆ ಪಕ್ಕಕ್ಕೆ ತೆಗೆದುಕೊಂಡು ಹೋಗುತ್ತಾನೆ. ಅವಳು ದಾರಿ ಬಿಟ್ಟು ಪಕ್ಕಗಳನ್ನು ಹುಡುಕತೊಡಗಿದಳು. ಮರ ಕಡಿಯುವವರು ದಿಮ್ಮಿಗಳನ್ನು ಒಟ್ಟಿದ್ದ ರಾಶಿಯೊಂದು ಕಂಡಿತು. ಅದರ ಹಿಂದೆ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಹಾಗೆ, ಒಂದು ದಿಮ್ಮಿಗೆ ಬೆನ್ನು ಕೊಟ್ಟು ಅವನು ಕೂತಿದ್ದ. ಮುಖ ಬೂದಿಯಂತಾಗಿತ್ತು. ಹಣೆಯ ಮೇಲಿದ್ದದ್ದು ಮಳೆನೀರಲ್ಲ, ಬೆವರು.

"ಬಂದ್ಯಾ," ಅಂದ.

"ಎದೆನಾ?"

"ಸ್ವಲ್ಪ ಬಿಗಿ. ಮಾತ್ರೆ ನಾಲಿಗೆ ಕೆಳಗೆ ಇಟ್ಕೊಂಡಿದೀನಿ. ಕಡಿಮೆ ಆಗ್ತಿದೆ."

"ಯಾವಾಗಿಂದ?"

"ಸೇತುವೆ ಹತ್ರ ಶುರುವಾಯ್ತು."

ಪಕ್ಕದಲ್ಲಿ ಕೂತು ನಾಡಿ ಹಿಡಿದಿದ್ದ ಔಷಧಿ ಅಂಗಡಿಯವನು ತಲೆಯೆತ್ತಿ ಅವನನ್ನೇ ನೋಡಿದ. ಅವಳೂ ನೋಡಿದಳು. ಗಂಡ ನೆಲ ನೋಡಿದ.

"ನಿಜ ಹೇಳಿ," ಎಂದಳು.

"ಬುಧವಾರದಿಂದ."

"ಬುಧವಾರದಿಂದಾನಾ! ದಿನಾ ನನ್ನ ಪಕ್ಕದಲ್ಲೇ ಮಲಗಿದ್ರಲ್ಲ ರೀ!"

"ಹೇಳಿದ್ರೆ ಹೆದರ್ಕೋತೀಯ ಅಂತ..."

"ಹೇಳದೇ ಇದ್ರೂ ಹೆದರ್ತೀನಿ!" ಅವಳ ದನಿ ಕಾಡೆಲ್ಲ ಕೇಳುವಂತೆ ಎದ್ದಿತು. "ನಾನು ಹೇಗಿದ್ರೂ ಹೆದರೋಳೇ. ಸರಿಯಾದದ್ದಕ್ಕೆ ಹೆದರೋದಕ್ಕಾದ್ರೂ ಬಿಡಿ ನನ್ನ!"

ಅವನು ಒದ್ದೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ.

ಅವನನ್ನು ನಡೆಸುವುದು ಬೇಡ, ಇಲ್ಲೇ ಕಾಯೋಣ ಎಂದ ಔಷಧಿ ಅಂಗಡಿಯವನು. ಅವಳು ತನ್ನ ಮಳೆಕೋಟು ಬಿಚ್ಚಿ ಗಂಡನಿಗೆ ಹೊದಿಸಿದಳು. ಕಾಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಎಲೆ ಅಲುಗಿದರೆ ಜನ ಬಂದರು ಅನ್ನಿಸುತ್ತಿತ್ತು, ಅವನು ಕಣ್ಣು ಮುಚ್ಚಿದರೆ ಜೀವ ಹೋದ ಹಾಗಾಗುತ್ತಿತ್ತು. "ಕಣ್ಣು ಮುಚ್ಚಬೇಡಿ." "ಮಳೆ ಬೀಳ್ತಿದೆ ಕಣೇ." "ಬಿದ್ರೂ ಮುಚ್ಚಬೇಡಿ." ಅದರ ನಡುವೆ ಅವನು ಕೇಳಿದ್ದು ಒಂದೇ: "ಮಕ್ಕಳೆಲ್ಲ ರಸ್ತೆ ಮುಟ್ಟಿದ್ರಾ?"

ಕೊನೆಗೆ ನಾದಿನಿಯ ಕೂಗು ಕೇಳಿತು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಅವಳು ಮುಂದೆ ಓಡಿ ಬರುತ್ತಿದ್ದಳು, ಹಿಂದೆ ಸ್ಟ್ರೆಚರ್ ಹಿಡಿದ ಇಬ್ಬರು.

ಆಸ್ಪತ್ರೆಯಲ್ಲಿ ಅವನನ್ನು ನೇರವಾಗಿ ಒಳಗೆ ಕರೆದೊಯ್ದರು. ಹೊರಗಿನ ಉದ್ದ ಬೆಂಚಿನ ಮೇಲೆ ಅತ್ತಿಗೆ ನಾದಿನಿ ಇಬ್ಬರೇ, ಒದ್ದೆ ಬಟ್ಟೆಯಲ್ಲಿ. ನಾದಿನಿ ಮಷೀನಿನಿಂದ ಎರಡು ಲೋಟ ಚಹಾ ತಂದಳು, ಇಬ್ಬರೂ ಕುಡಿಯಲಿಲ್ಲ.

"ಅತ್ತಿಗೆ," ಎಂದಳು, ಚಹಾ ತಣ್ಣಗಾದ ಮೇಲೆ. "ಅಣ್ಣ ನನಗೆ ಗುರುವಾರಾನೇ ಹೇಳಿದ್ದ. ನಿಮಗೆ ಹೇಳಬೇಡ ಅಂದ. ಗ್ಯಾಸ್ ಇರಬೇಕು ಬಿಡು ಅಂತ ನಾನೂ ಸುಮ್ಮನಾದೆ."

ಹುಷಾರಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಿಟ್ಟು ನೆತ್ತಿಗೇರಿತು, ಆದರೆ ಹಿಂದೆಯೇ ಬೇರೇನೋ ನೆನಪಾಯಿತು. ಬೇರೆ ಊರಿನಲ್ಲಿರುವ ತನ್ನ ಮಗಳು ಸ್ಕೂಟರಿನಿಂದ ಬಿದ್ದದ್ದನ್ನು ಗಾಯ ಮಾಯ್ದ ಮೇಲೆ ಹೇಳಿದ್ದಳು. ರಿಪೇರಿ ಅಂಗಡಿಯ ಒಡತಿ ತನ್ನ ಆಪರೇಷನ್ ವಿಷಯವನ್ನು ಎಲ್ಲರಿಗೂ ಹೇಳಿ ಇವಳಿಗೆ ಮಾತ್ರ ಊರಿಗೆ ಹೋಗ್ತೀನಿ ಅಂದಿದ್ದಳು. ತಾನು ಎಲ್ಲರನ್ನೂ ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಅವರೆಲ್ಲ ತಮ್ಮ ನೋವುಗಳನ್ನು ಅವಳಿಂದ ಅಡಗಿಸಿಟ್ಟುಕೊಂಡು ಓಡಾಡುತ್ತಿದ್ದರು.

"ಇನ್ನು ಮೇಲೆ ಹೇಳು," ಎಂದಳು. "ಕೇಳಿ ನಾನು ಕಿರುಚಾಡ್ತೀನಿ. ಕಿರುಚಾಡೋಕೆ ಬಿಡು. ಮುಗಿದ ಮೇಲೆ ಏನು ಮಾಡ್ಬೇಕೋ ಮಾಡ್ತೀನಿ."

ನಾದಿನಿ ಬಿಕ್ಕಿ ಅತ್ತಳು. ಅವಳ ತಲೆ ಸವರುತ್ತ ಹುಷಾರಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಳು. ಸಂಜೆಯಾಗುವಾಗ ಡಾಕ್ಟರು ಹೊರಗೆ ಬಂದು, ಹೃದಯದ ಇನ್ನೊಂದು ರಕ್ತನಾಳ ಕಟ್ಟಿಕೊಂಡಿತ್ತು, ಬಿಡಿಸಿ ಸ್ಟೆಂಟ್ ಹಾಕಿದ್ದೇವೆ, ಗಂಡಾಂತರ ಕಳೆಯಿತು ಎಂದರು. ಅವಳು ಎದ್ದು ನಿಂತು ಕೈ ಮುಗಿಯಲು ಹೋಗಿ ಅಲ್ಲೇ ಕುಸಿದು ಕೂತಳು.

ಎರಡು ತಿಂಗಳು ಕಳೆದ ಮೇಲೆ ಡಾಕ್ಟರು ಮತ್ತೆ ನಡೆಯಲು ಅಪ್ಪಣೆ ಕೊಟ್ಟರು. ಇನ್ನು ಮುಂದೆ ಹಿಂದುಗಡೆ ಇಬ್ಬಿಬ್ಬರು ನಡೆಯಬೇಕು, ಯಾರೊಬ್ಬರೂ ಒಂಟಿಯಾಗಿ ಕೊನೆಯಲ್ಲಿ ಇರಕೂಡದು ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಗಂಡನಿಗೆ ಬೇರೆಯದೇ ಶರತ್ತು: ಎಲ್ಲಿ ಏನು ನೋವಾದರೂ ಆ ಕ್ಷಣದಲ್ಲೇ ಬಾಯಿ ಬಿಡಬೇಕು.

ಮತ್ತೆ ಹೊರಟ ಮೊದಲ ಭಾನುವಾರ ಆಕಾಶ ತಿಳಿಯಾಗಿತ್ತು. ಮೊದಲ ದಿಬ್ಬದ ಅರ್ಧ ಹತ್ತಿದ್ದರಷ್ಟೆ.

"ಏನೇ," ಎಂದು ಕೂಗಿದ ಗಂಡ, ಎಲ್ಲರಿಗೂ ಕೇಳುವಂತೆ. "ಬಲಗಾಲಿನ ಮಂಡಿ ನೋಯ್ತಿದೆ."

ಅವಳ ಮುಖದ ಬಣ್ಣ ಹಾರಿತು. ಇಡೀ ಗುಂಪನ್ನು ಅಲ್ಲೇ ಹುಲ್ಲಿನ ಮೇಲೆ ಕೂರಿಸಿದಳು. ಮಕ್ಕಳಿಗೆ ಅದೇ ಹಬ್ಬವಾಗಿ ಇಳಿಜಾರಿನಲ್ಲಿ ಉರುಳತೊಡಗಿದವು. ಅವಳು ಅವನ ಮಂಡಿ ಒತ್ತಿ ನೋಡಿದಳು, ನಾಡಿ ನೋಡಿದಳು, ಔಷಧಿ ಅಂಗಡಿಯವನನ್ನು ಕರೆದು ಅವನಿಂದಲೂ ನೋಡಿಸಿದಳು. ಬರೀ ಮಂಡಿನೋವು, ವಯಸ್ಸಾಯ್ತಲ್ಲ ಅಂದ ಅವನು.

"ಹೇಳಿದ್ದೇ ತಪ್ಪಾಯ್ತು," ಎಂದು ಗೊಣಗಿದ ಗಂಡ.

"ಇಲ್ಲ ರೀ, ಹೇಳಿದ್ದು ಸರಿಯಾಯ್ತು," ಎಂದಳು, ಅವನ ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವುತ್ತ. "ಇನ್ನೊಂದು ಕಾಲು ಹೇಗಿದೆ?"