ಹೊಳಿಯಮ್ಮನ ಪಾಲಿನ ಸಾಲು

ಹೊಳಿಯಮ್ಮ ನನ್ನ ಗಂಡನ ಸೋದರತ್ತೆ. ಹೊಳೆ ನಡುವಿನ ವಿರೂಪಾಪುರಗಡ್ಡೆಯ ಗೆಸ್ಟ್‌ಹೌಸುಗಳಲ್ಲಿ ಹದಿನೆಂಟು ವರ್ಷ ವಿದೇಶಿಯರಿಗೆ ಅಡುಗೆ ಮಾಡಿದವಳು. ಶಾಲೆಯ ಮುಖ ಕಂಡವಳಲ್ಲ. ಆದರೂ ಇಸ್ರೇಲಿನಿಂದ ಬಂದವರ ಜೊತೆ ಅವರ ಭಾಷೆಯಲ್ಲೇ ಜಗಳವಾಡುತ್ತಿದ್ದಳು. ಅವಳು ಕಡಲೆ ಅರೆದು ಮಾಡಿದ ಹಮ್ಮಸ್‌ಗೆ ಅವರು ತಟ್ಟೆ ನೆಕ್ಕುತ್ತಿದ್ದರಂತೆ. ನಮಗೂ ಒಮ್ಮೆ ಕೊಟ್ಟಳು. ಖಾರವಿಲ್ಲ, ಒಗ್ಗರಣೆಯಿಲ್ಲ. ಚೆನ್ನಾಗಿದೆ ಎಂದು ಸುಳ್ಳು ಹೇಳಿ ನೀರು ಕುಡಿದೆ.

ಅಕ್ರಮ ಕಟ್ಟಡಗಳೆಂದು ಕೋರ್ಟಿನ ಆದೇಶ ಬಂದು ಗೆಸ್ಟ್‌ಹೌಸುಗಳು ನೆಲಸಮವಾದವು. ಅವಳ ಗಂಡ ಮೊದಲೇ ತೀರಿದ್ದ, ಮಕ್ಕಳಿಲ್ಲ. ಊರ ಹೆಂಗಸರಿಗೆ ಅವಳು 'ಫಾರಿನ್ ಹೊಳಿಯಮ್ಮ'. ನೀರಿಗೆ ಹೋದರೂ ಒಬ್ಬಳೇ, ಸಂತೆಗೆ ಹೋದರೂ ಒಬ್ಬಳೇ.

"ಕೂಲಿ ಆಸೇಕಲ್ಲ, ವಿಜಿ. ನಾಕ್ ಮಂದಿ ನಡುವ ಕುಂತು ಬುತ್ತಿ ಉಣ್ಣಬೇಕನಸ್ತೈತಿ," ಎಂದಳು ನನ್ನ ಹತ್ತಿರ. ನಮ್ಮ ಜೊತೆ ನಾಟಿಗೆ ಸೇರಿಸಿಕೊಳ್ಳಲು ಕೇಳಿನೋಡುತ್ತೇನೆ ಎಂದೆ.

ನಮ್ಮ ನಾಟಿ ಗುಂಪಿನ ಹಿರಿಯಳು ಗಾಳೆಮ್ಮ. ನಮ್ಮದು ಗುತ್ತಿಗೆ ಕೆಲಸ: ಇಡೀ ಗದ್ದೆ ಮುಗಿದರೆ ಎಲ್ಲರಿಗೂ ಸಮಪಾಲು. ಒಬ್ಬಳು ಹಿಂದೆ ಬಿದ್ದರೆ ಎಲ್ಲರೂ ಕಾಯಬೇಕು. ನಾನು ಕಾಡಿ ಬೇಡಿದ ಮೇಲೆ, "ಒಂದ್ ದಿನ ನೋಡೂಣು. ತನ್ನ ಸಾಲು ತಾ ಮುಗಿಸಿದ್ರ ಇರ್ಲಿ," ಎಂದಳು.

ಸಣಾಪುರದ ರಸ್ತೆ ಬದಿಯ ಗದ್ದೆ. ಭತ್ತ ನೆಡುವವರು ಹಿಂದಕ್ಕೆ ನಡೆಯುತ್ತ ನೆಡುತ್ತಾರೆ. ನಾವು ಸರಸರ ಹಿಂದೆ ಸರಿದಂತೆಲ್ಲ ಹೊಳಿಯಮ್ಮ ಎದುರಿಗೇ ದೂರವಾಗುತ್ತ ಹೋದಳು. ಎರಡೂ ಬದಿಗೆ ನಮ್ಮ ಸಸಿ, ನಡುವೆ ಅವಳೊಬ್ಬಳು. ಆದರೆ ಮಹಾ ಹಟಮಾರಿ, ಸೊಂಟ ಎತ್ತಲಿಲ್ಲ. ಮಧ್ಯಾಹ್ನ ಗಾಳೆಮ್ಮ ತನ್ನ ಬುತ್ತಿಯ ಉಪ್ಪಿನಕಾಯಿಯನ್ನು ಅವಳ ರೊಟ್ಟಿಗೆ ಹಾಕಿದಾಗ, ಗೆದ್ದೆವು ಅಂದುಕೊಂಡೆ.

ಇಳಿಹೊತ್ತಿಗೆ ರಸ್ತೆಯಲ್ಲಿ ಸ್ಕೂಟರ್ ನಿಂತಿತು. ಮೇಲೆ ವಿದೇಶಿ ಹೆಂಗಸು. ಹೊಳಿಯಮ್ಮನ ಸಾಲು ಇನ್ನು ನಾಲ್ಕು ಮಾರು ಉಳಿದಿತ್ತು, ಅಷ್ಟೇ.

"ಮಾ ನಿಶ್ಮಾ?" ಎಂದು ಹೊಳಿಯಮ್ಮ ಕೂಗಿದಳು. ಇಸ್ರೇಲಿನವರ ಮಾತಿನಲ್ಲಿ, ಹೇಗಿದ್ದೀರಿ ಎಂದು. ಸಸಿಯ ಕಟ್ಟು ಹಿಡಿದೇ ಬದುವಿಗೆ ಓಡಿದಳು.

"ಅತ್ತಿ, ಬರ್ರಿ ಲಗೂನ!" ಎಂದೆ. ಕೇಳಿಸಿದ್ದರೆ ತಾನೆ! ಇಷ್ಟು ವರ್ಷ ಬಾಯಲ್ಲೇ ಉಳಿದಿದ್ದ ಮಾತು ಕಟ್ಟೆ ಒಡೆದಿತ್ತು. ಆ ಹೆಂಗಸು ಯಾವ ದೇಶದವಳೋ, ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ನಕ್ಕಳು. ಸಸಿ ಎತ್ತಿ ಹಿಡಿ ಎಂದು ಕೈಸನ್ನೆ ಮಾಡಿದಳು. ಹೊಳಿಯಮ್ಮ ಹಿಡಿದಳು. ಫೋಟೋ ತೆಗೆದುಕೊಂಡು ಅವಳು ಹೊರಟುಹೋದಳು.

ಇತ್ತ ಹೊತ್ತು ಇಳಿಯುತ್ತಿತ್ತು. ಗಾಳೆಮ್ಮ ಹೊಳಿಯಮ್ಮನ ಸಾಲಿಗೆ ಬಾಗಿದಳು. ಉಳಿದವರೂ ಬಾಗಿದರು.

ಹೊಳಿಯಮ್ಮ ಹಿಂದಿರುಗಿದಾಗ ಗದ್ದೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನಿನ್ನ ಪಾಲಿಂದೂ ಹಚ್ಚೀವವಾ. ನಾಳೆ ಬರಬ್ಯಾಡ," ಎಂದಳು ಗಾಳೆಮ್ಮ, ಮೆತ್ತಗೆ.

ಹೊಳಿಯಮ್ಮ ನನ್ನ ಮುಖ ನೋಡಿದಳು. ನಾನು ಕೆಸರಿನ ಕೈ ಸೆರಗಿಗೆ ಒರೆಸಿಕೊಂಡೆ. ಅವಳ ಸಾಲಿನ ಕೊನೆಯ ಹಿಡಿ ಸಸಿ ಊರಿದವಳು ನಾನೇ.