ಗೇರಿನ ಕುಪ್ಪಸ ಹರಿದಾಗ

ಕಾರನ್ನು ನೋಡಲು ಬಂದವರೆಲ್ಲ ಎಂಜಿನ್ನನ್ನು ಹೊಗಳುತ್ತಾರೆ, ಟೈರನ್ನು ಒಮ್ಮೆ ಒದ್ದು ತಲೆಯಾಡಿಸುತ್ತಾರೆ, ಬಣ್ಣವನ್ನು ಬೆರಳಲ್ಲಿ ಸವರುತ್ತಾರೆ. ಆದರೆ ಗೇರ್ ಲಿವರಿನ ಬುಡಕ್ಕೆ ನೆರಿಗೆ ನೆರಿಗೆಯಾಗಿ ತೊಡಿಸಿರುವ ಆ ಪುಟ್ಟ ಚರ್ಮದ ಕುಪ್ಪಸವನ್ನು ಯಾವ ಮಹಾನುಭಾವನೂ ಮೆಚ್ಚಿದ್ದನ್ನು ನಾನು ಕಂಡಿಲ್ಲ. ಒಂದನೇ ಗೇರಿಗೆ ತಳ್ಳಿದರೆ ಅತ್ತ ಬಾಗುತ್ತದೆ, ಎರಡಕ್ಕೆ ಎಳೆದರೆ ಇತ್ತ ಬಾಗುತ್ತದೆ. ಎಲ್ಲರ ಮರ್ಜಿಗೂ ಮಣಿದು ತಾನು ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಹರಿಯುವ ತನಕ ಅಂಥದ್ದೊಂದು ಇದೆಯೆಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ.

ನನ್ನ ಕಾರಿನಲ್ಲಿ ಅದು ಹರಿದಿತ್ತು. ನನ್ನದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಅಹಂಕಾರ ಮಾತ್ರ ಬಸ್ಸಿನಷ್ಟು. ನೆಲಕ್ಕೆ ಎಷ್ಟು ಸಮೀಪವೆಂದರೆ ನಮ್ಮ ನೆಲಮಂಗಲದ ರಸ್ತೆ ಹಂಪುಗಳನ್ನು ಅದು ಹಾರುವುದಿಲ್ಲ, ಹೊಟ್ಟೆ ಸವರಿಕೊಂಡು ತೆವಳುತ್ತದೆ. ವಾರವಿಡೀ ನಾನು ಬೆಂಗಳೂರಿನ ಆಫೀಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ಸಾಮಾನ್ಯ ಪ್ರಜೆ. ಭಾನುವಾರ ಬೆಳಿಗ್ಗೆ ಮಾತ್ರ ಚಕ್ರವರ್ತಿ. ಅಂದು ಸ್ನಾನ ಮಾಡಿ, ಡ್ಯಾಶ್‌ಬೋರ್ಡಿನ ಗಣಪನಿಗೆ ಹೂವಿಟ್ಟು, ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟು ಬರಿಗಾಲಲ್ಲಿ ಕಾರು ಹತ್ತುತ್ತೇನೆ. ಆಯುಧಪೂಜೆಯಲ್ಲಿ ಕುಂಕುಮ ಇಟ್ಟು ಕೈಮುಗಿದ ಗಾಡಿಯೊಳಗೆ ಚಪ್ಪಲಿಗಾಲು ಇಡುವುದು ನನ್ನಿಂದ ಆಗದು. ನಗುವವರು ನಗಲಿ.

ಇನ್ನೊಂದು ಹೆಮ್ಮೆಯನ್ನೂ ಹೇಳಿಬಿಡುತ್ತೇನೆ. ನೆರೆಯವರ ಹೊಸ ಕಾರುಗಳು ವಾರ ನಿಂತರೆ ಬ್ಯಾಟರಿ ಸತ್ತು ತಳ್ಳಿಸಿಕೊಳ್ಳುತ್ತಿದ್ದವು; ನನ್ನದು ಮಾತ್ರ ಭಾನುವಾರ ಕೀಲಿ ತಿರುಗಿಸಿದೊಡನೆ ಗುಡುಗುತ್ತಿತ್ತು. “ಗಾಡಿಗೂ ಮನಸ್ಸಿರುತ್ತೆ ರೀ, ಯಜಮಾನನ ಕೈ ಗೊತ್ತಾಗುತ್ತೆ” ಎಂದು ನಾನು ಬೀದಿಗೆಲ್ಲ ಉಪನ್ಯಾಸ ಕೊಟ್ಟಿದ್ದೆ. ಪೆಟ್ರೋಲು ಲೆಕ್ಕಕ್ಕಿಂತ ಬೇಗ ಮುಗಿಯುತ್ತಿದ್ದುದು ವೃದ್ಧಾಪ್ಯದ ದಾಹವೆಂದೂ, ಸೀಟು ತಾನಾಗಿ ಒಂದಿಷ್ಟು ಮುಂದೆ ಸರಿದಿರುತ್ತಿದ್ದುದು ಹಳಿ ಸವೆದ ದೋಷವೆಂದೂ ನಿರ್ಧರಿಸಿದ್ದೆ. ನನ್ನ ಹೆಂಡತಿ ಸುಮಿತ್ರಾ ಮಾತ್ರ ಈ ಯಾವ ಉಪನ್ಯಾಸಕ್ಕೂ ಕಿವಿಗೊಟ್ಟವಳಲ್ಲ. “ಆ ಡಬ್ಬದಲ್ಲಿ ಕೂತ್ರೆ ಮಂಡಿ ಮೂಗಿಗೆ ತಾಗುತ್ತೆ” ಎಂದು ಅವಳು ನನ್ನ ಪಕ್ಕದ ಸೀಟನ್ನು ಎಂದೋ ತಿರಸ್ಕರಿಸಿದ್ದಳು. ಕಾರು ತನಗೆ ಸವತಿ ಎಂದು ಬಂದವರೆದುರು ಆಡಿಕೊಳ್ಳುತ್ತಿದ್ದಳು.

ಹರಿದ ಚರ್ಮದ ಸಂದಿಯಿಂದ ಬಿಸಿಗಾಳಿಯೂ ಧೂಳೂ ಏಳತೊಡಗಿದಾಗ, ಒಂದು ಭಾನುವಾರ ಅರಿಶಿನಕುಂಟೆಯ ಹತ್ತಿರ ಹೈವೇ ಪಕ್ಕದಲ್ಲಿರುವ ನಯಾಜ್ ಭಾಯಿಯ ಸೀಟ್ ಕವರ್ ಅಂಗಡಿಗೆ ಹೊರಟೆ. ಬೂದಿಗೆರೆಯಿಂದ ಊಟಕ್ಕೆಂದು ಬಂದಿದ್ದ ಹೆಂಡತಿಯ ತಮ್ಮ ಮಂಜುನಾಥ, “ನಾನೂ ಬರ್ತೀನಿ ಭಾವ” ಎಂದು ಪಕ್ಕದಲ್ಲಿ ಮಡಚಿಕೊಂಡು ಕೂತ. ಅಕ್ಕನ ಕಣ್ಣಲ್ಲಿ ನೀರು ಬಂದರೆ ಊರಿಗೇ ಬೆಂಕಿ ಹಚ್ಚುವಂಥ ತಮ್ಮ ಅವನು. ನನ್ನ ಗ್ರಹಚಾರ ನನ್ನ ಎಡಗಡೆಯೇ ಕೂತಿತ್ತು, ನನಗೆ ಗೊತ್ತಿರಲಿಲ್ಲ.

ನಯಾಜ್ ಭಾಯ್ ಗೇರಿನ ಗುಂಡನ್ನು ತಿರುಗಿಸಿ ಕಳಚಿ, ಹಳೆಯ ಚರ್ಮವನ್ನು ಮೆಲ್ಲನೆ ಮೇಲೆತ್ತಿದರು. ಎತ್ತಿದವರು ಹಾಗೆಯೇ ನಿಂತರು. ನಾನು ಬಗ್ಗಿ ನೋಡಿದೆ, ನನ್ನ ಹೆಗಲ ಮೇಲಿಂದ ಮಂಜುನಾಥನೂ ಬಗ್ಗಿದ. ಒಳಗಿನ ರಬ್ಬರ್ ಹೊದಿಕೆಯ ಮೇಲೆ ಗಾಜಿನ ಬಳೆಯ ಚೂರುಗಳು! ಒಂದೇ ಬಣ್ಣವಾಗಿದ್ದರೆ ಹೇಗೋ ಆಗುತ್ತಿತ್ತು. ಹಸಿರು, ಕೆಂಪು, ಹಳದಿ, ಚುಕ್ಕಿ ಇಟ್ಟ ಕಪ್ಪು. ಅಂದಿನ ತನಕ ಭಾನುವಾರದ ಆ ಕಾರಿನಲ್ಲಿ ನಾನು ಗಣಪನ ಹೊರತು ಇನ್ನಾರನ್ನೂ ಕೂರಿಸಿಕೊಂಡವನಲ್ಲ. ಆದರೆ ಮದುವೆಯಾಗಿ ತಲೆ ನರೆತ ಗಂಡಸಿನ ಎರಡು ಸೀಟಿನ ಕೆಂಪು ಕಾರಿನಲ್ಲಿ ಬಗೆಬಗೆಯ ಬಳೆಚೂರು ಸಿಕ್ಕ ಮೇಲೆ ನಿರಪರಾಧಿತ್ವವೆಂಬುದು ಬರೀ ಸಂಸ್ಕೃತ ಶಬ್ದ.

ನಯಾಜ್ ಭಾಯ್ ಸಜ್ಜನರು. ಅದರ ಮೇಲೆ ಬಟ್ಟೆ ಮುಚ್ಚಿ, ದನಿ ತಗ್ಗಿಸಿ, “ಏನಿಲ್ಲ ಸಾರ್, ಗಾಡಿಗಳಲ್ಲಿ ಇಂಥಾದ್ದು ಸಿಗ್ತಾ ಇರ್ತದೆ. ನಾನು ಯಾರ್ಗೂ ಹೇಳಲ್ಲ” ಎಂದರು. ಅಯ್ಯೋ ಪುಣ್ಯಾತ್ಮ! ಬಾಯಿಬಿಟ್ಟು ಬೈದಿದ್ದರೂ ನನ್ನ ಮಾನ ಅಷ್ಟು ಹೋಗುತ್ತಿರಲಿಲ್ಲ.

“ಏನ್ ಭಾವ ಇದು?” ಎಂದ ಮಂಜುನಾಥ.

“ನನಗೆ ಗೊತ್ತಿಲ್ಲ ಕಣೋ, ದೇವರಾಣೆಗೂ ಗೊತ್ತಿಲ್ಲ.”

“ನಿಮ್ ಗಾಡಿ. ನಿಮಗ್ ಗೊತ್ತಿಲ್ಲ. ಸರಿ ಬಿಡಿ.”

ಹಳೆಯ ಚರ್ಮವನ್ನು ಬಿಚ್ಚಿ, ಅದರ ಅಳತೆಗೆ ಹೊಸದನ್ನು ಕತ್ತರಿಸಿ ಹೊಲಿಯುವ ತನಕ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ತುಮಕೂರಿನ ಕಡೆ ಹೋಗುವ ಲಾರಿಗಳನ್ನು ನೋಡಿದೆವು. ತರಿಸಿದ ಚಹಾ ಮುಟ್ಟದೆ ಆರಿತು. ಮನೆ ಮುರಿಯುವುದು ಹೀಗೆಯೇ ಇರಬೇಕು, ಒಂದು ಸೀಟ್ ಕವರ್ ಅಂಗಡಿಯಲ್ಲಿ, ಹಾಡುಹಗಲಿನಲ್ಲಿ, ತಪ್ಪು ಮಾಡುವ ಸುಖವನ್ನೂ ಕಾಣದವನಿಗೆ ಎಂದುಕೊಂಡೆ. ಸುಮಿತ್ರಾ ನಂಬದಿದ್ದರೆ? ಜಗಳವಾಡಿದರೆ ತಡೆದುಕೊಂಡೇನು, ಮಾತು ಬಿಟ್ಟರೆ ನಾನು ಉಳಿಯುವವನಲ್ಲ. ಚೂರುಗಳನ್ನು ಮಂಜುನಾಥ ತನ್ನ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡ. ಮನೆ ತನಕ ಆ ಗಂಟು ಅವನ ತೊಡೆಯ ಮೇಲೆ ಕಿಣಿಕಿಣಿ ಎನ್ನುತ್ತಲೇ ಇತ್ತು.

ಮನೆಗೆ ಬಂದವನೇ ಅವನು ಗಂಟು ಬಿಚ್ಚಿ ಊಟದ ಮೇಜಿನ ಮೇಲೆ ಸುರಿದ. “ಅಕ್ಕ, ಇದು ಭಾವನ ಕಾರಲ್ಲಿ ಗೇರ್ ಬುಡದಲ್ಲಿ ಸಿಕ್ತು. ನೀನೇ ಕೇಳು.”

ಸುಮಿತ್ರಾ ಸೌಟು ಹಿಡಿದೇ ಬಂದಳು. ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಸೌಟು ಕೆಳಗಿಟ್ಟು, ಚುಕ್ಕಿಯ ಕಪ್ಪು ಚೂರೊಂದನ್ನು ಎತ್ತಿ ತನ್ನ ಎಡಗೈಯ ಬಳೆಗಳ ಪಕ್ಕ ಹಿಡಿದಳು. ಅದೇ ಕಪ್ಪು, ಅದೇ ಚುಕ್ಕಿ.

“ನನ್ನವು ಕಣೋ” ಎಂದಳು. “ಮೂರನೇ ಗೇರಿಂದ ಎರಡಕ್ಕೆ ಎಳೆಯೋವಾಗ ಬಳೆ ತಗುಲಿ ಒಡೆಯುತ್ತೆ.”

ಕಳಂಕ ತಪ್ಪಿದ ಸಮಾಧಾನ ಬರುವ ಮೊದಲೇ ಎರಡನೆಯ ಸಿಡಿಲು ಬಡಿದಿತ್ತು. ನನ್ನ ಕಾರು! ನಾನು ಬಸ್ಸಿನ ಕಂಬಿ ಹಿಡಿದು ಜೋಲಾಡುವ ಹೊತ್ತಿನಲ್ಲಿ, ನನ್ನ ಸವತಿದ್ವೇಷಿ ಹೆಂಡತಿ! ಮಂಜುನಾಥನೋ ಹೊಟ್ಟೆ ಹಿಡಿದು ನಗುತ್ತಿದ್ದ. “ಊರಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸ್ತಿದ್ದೋಳು ಭಾವ, ನಿಮಗ್ ಹೇಳಿಲ್ವಾ?”

“ಎಲ್ಲಿಗೆ ಹೋಗ್ತೀಯ?” ಎಂದೆ, ಕೇಳಲು ಬೇರೇನೂ ತೋಚದೆ.

“ಎಲ್ಲಿಗೂ ಇಲ್ಲ. ಕೆರೆ ಏರಿ ತನಕ ಹೋಗಿ ಬರ್ತೀನಿ, ಅಷ್ಟೆ.”

“ಒಂದು ಮಾತು ಹೇಳಬಾರದಿತ್ತಾ?”

“ಭಾನುವಾರ ಆ ಗಾಡಿ ಸ್ಟಾರ್ಟ್ ಆದಾಗ ನಿಮ್ಮ ಮುಖ ನೋಡಬೇಕು. ‘ನನ್ನ ಕೈ ಗೊತ್ತಾಗುತ್ತೆ’ ಅಂತ ಬೀದಿಗೆಲ್ಲ ಹೇಳ್ತಿದ್ರಲ್ಲ. ಅದನ್ನ ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ ರೀ.”

ಕೀಲಿಗೆ ಗುಡುಗುತ್ತಿದ್ದ ಎಂಜಿನ್, ಬೇಗ ಬತ್ತುತ್ತಿದ್ದ ಪೆಟ್ರೋಲು, ಮುಂದೆ ಸರಿಯುತ್ತಿದ್ದ ಸೀಟು, ಎಲ್ಲವೂ ಒಟ್ಟಿಗೆ ಬಂದು ನನ್ನ ತಲೆಗೆ ಮೊಟಕಿದವು. ಆದರೂ ಒಂದು ಸಂಶಯ ಉಳಿದಿತ್ತು. ಚೂರನ್ನು ಕಿಟಕಿಯಾಚೆ ಎಸೆಯದೆ ಆ ಹರಕಿನೊಳಗೆ ತುರುಕಿದ್ದೇಕೆ ಎಂದು ಕೇಳಿಯೇಬಿಟ್ಟೆ.

“ಬಳೆ ಚೂರನ್ನ ದಾರೀಲಿ ಎಸೀತಾರಾ ಯಾರಾದ್ರೂ? ಕಾಲಡಿ ಬಿದ್ರೆ ನೀವು ಬರಿಗಾಲಲ್ಲಿ ಹತ್ತೋರು. ಚುಚ್ಚಲ್ವಾ?” ಎಂದು ಸೌಟು ತೆಗೆದುಕೊಂಡು ಒಳಗೆ ಹೋದಳು.

ಅಂದು ಏನು ಉಂಡೆನೆಂದು ನೆನಪಿಲ್ಲ. ಸವೆಯುವ ತನಕ ನಮ್ಮ ಕಣ್ಣಿಗೆ ಬೀಳದ ವಸ್ತುಗಳ ಬಗ್ಗೆ ಮೊದಲಲ್ಲಿ ದೊಡ್ಡ ಮಾತಾಡಿದೆನಲ್ಲ, ಅದು ನೆನಪಾಗಿ ನಾಚಿಕೆಯಾಗುತ್ತಿದೆ.

ಮುಂದಿನ ಭಾನುವಾರ ಕೀಲಿಯನ್ನು ಅವಳ ಕೈಗಿತ್ತು ನಾನು ಎಡಗಡೆ ಕೂತೆ. ಮಂಡಿ ನಿಜಕ್ಕೂ ಮೂಗಿಗೆ ತಾಗುತ್ತದೆ. ಕೆರೆ ಏರಿಯ ತಿರುವಿನಲ್ಲಿ ಅವಳು ಮೂರರಿಂದ ಎರಡಕ್ಕೆ ಎಳೆದಳು, ಬಳೆ ಟಕ್ಕೆಂದು ಒಡೆಯಿತು. ಚೂರು ಹಿಡಿದ ಅವಳ ಬೆರಳು ಅಭ್ಯಾಸಬಲದಿಂದ ಗೇರಿನ ಬುಡದಲ್ಲಿ ಹರಕನ್ನು ಹುಡುಕಿತು. ನಯಾಜ್ ಭಾಯಿಯ ಹೊಸ ಚರ್ಮದಲ್ಲಿ ಸಂದಿಯೇ ಇರಲಿಲ್ಲ. ನಾನು ಅಂಗೈ ಚಾಚಿದೆ. ರಸ್ತೆಯಿಂದ ಕಣ್ಣು ಕೀಳದೆಯೇ ಅವಳು ಹಸಿರು ಚೂರನ್ನು ಅದರಲ್ಲಿ ಹಾಕಿ, “ಗಟ್ಟಿ ಮುಷ್ಟಿ ಹಿಡೀಬೇಡಿ, ಚುಚ್ಚುತ್ತೆ” ಎಂದಳು.